ಕತ್ತಲ ನಗರ ಕಟ್ಟುವುದು ಹೇಗೆ: ಟೇಬಲ್‌ಟಾಪ್ ಆರ್‌ಪಿಜಿ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಟೇಬಲ್‌ಟಾಪ್ ಆರ್‌ಪಿಜಿ ಅಂದರೆ ಟೇಬಲ್ ಸುತ್ತ ಕೂತು, ಒಬ್ಬರು ಕಥೆಯ ಲೋಕವನ್ನು ನಡೆಸುತ್ತಾ ಉಳಿದವರು ಪಾತ್ರಗಳಾಗಿ ಆಡುವ ಆಟ. ಅದರಲ್ಲಿ ಕತ್ತಲ ನಗರದ, ಅಂದರೆ ಬದುಕುವುದೇ ಕಷ್ಟವಾದ ಊರಿನ, ಆಟ ಹೂಡಿ ಎರಡನೆಯದೋ ಮೂರನೆಯದೋ ಸೆಷನ್‌ಗೆ ಕೈಬಿಟ್ಟವರು ನನಗೆ ಬೇಕಾದಷ್ಟು ಜನ ಗೊತ್ತು. ಅವರ ನೋಟ್‌ಬುಕ್ ತೆರೆದರೆ ಹೆಚ್ಚುಕಡಿಮೆ ಒಂದೇ ಚಿತ್ರ. ಮೊದಲು ಇಪ್ಪತ್ತು ಪುಟ ನಗರದ ಇತಿಹಾಸ, ಆಮೇಲೆ ದೊಡ್ಡದೊಂದು ನಕ್ಷೆ, ಆಮೇಲೆ ಆಳುವವರ ಹೆಸರುಗಳ ಪಟ್ಟಿ. ಅಲ್ಲಿ ಬದುಕುವವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಅನ್ನುವುದಕ್ಕೆ ಒಂದು ಸಾಲೂ ಇರುವುದಿಲ್ಲ. ನನ್ನ ಮೊದಲ ನಗರವೂ ಹಾಗೇ ಇತ್ತು, ಹಾಗೇ ನಿಂತುಹೋಯಿತು.

ಆಟ ನಡೆಸಿದ ಇಷ್ಟು ವರ್ಷಗಳಲ್ಲಿ ನನಗೆ ಖಾತ್ರಿಯಾದದ್ದು ಇಷ್ಟು: ನಗರವನ್ನು ಕತ್ತಲಾಗಿಸುವುದು ಕೊರತೆ. ಆ ಕೊರತೆಗೆ ಲೆಕ್ಕ ಇರಬೇಕು, ಬೆಲೆ ಇರಬೇಕು, ಹೊತ್ತು ಇರಬೇಕು. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಕ್ಷೆಗೆ ಕೈ ಹಾಕುವುದು ಐದನೇ ಹಂತದಲ್ಲಿ, ಅದಕ್ಕೂ ಮುಂಚೆ ಬೇಡ.

ಉದಾಹರಣೆಗೆ ಒಂದು ನಗರ ಇಟ್ಟುಕೊಳ್ಳೋಣ. ಹೆಸರು ತಳಪೇಟೆ. ಮುಚ್ಚಿಹೋದ ಆಳದ ಗಣಿಯೊಂದರೊಳಗೆ ಜನ ಬದುಕುತ್ತಿರುವ ಊರು.

## ಬೇಕಾಗುವ ಸಾಮಾನು

ಒಂದು ಎ4 ಹಾಳೆ, ಇಪ್ಪತ್ತು ಇಂಡೆಕ್ಸ್ ಕಾರ್ಡ್, ಪೆನ್ಸಿಲ್, ಒಂದು ಕೆಂಪು ಸ್ಕೆಚ್ ಪೆನ್, ಆರು ಮುಖದ ಎರಡು ದಾಳ. ಮೂರು ಸಂಜೆ ಸಾಕು. ಲ್ಯಾಪ್‌ಟಾಪ್ ಬೇಡ ಅನ್ನುವುದು ನನ್ನ ಖಚಿತ ಸಲಹೆ, ಅದರ ಮುಂದೆ ಕೂತರೆ ಮತ್ತೆ ಇತಿಹಾಸವನ್ನೇ ಬರೆಯತೊಡಗುತ್ತೀರಿ.

ನಿಯಮಗಳು ಯಾವ ಆಟದ್ದಾದರೂ ಸರಿ, ಆದರೆ ಒಂದು ವಿಷಯ ಮೊದಲೇ ನೋಡಿಕೊಳ್ಳಿ: ಗಾಯ ಎಷ್ಟು ಬೇಗ ವಾಸಿಯಾಗುತ್ತದೆ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ 8 ಗಂಟೆಯ ದೀರ್ಘ ವಿಶ್ರಾಂತಿ ಮುಗಿದರೆ ಹೋದ ಹಿಟ್ ಪಾಯಿಂಟೆಲ್ಲ (ಪಾತ್ರ ಇನ್ನೆಷ್ಟು ಏಟು ತಾಳಬಲ್ಲದು ಅನ್ನುವ ಅಂಕ) ವಾಪಸ್ ಬರುತ್ತದೆ. ಅಂಥ ಕಡೆ ನಗರ ಎಷ್ಟೇ ಕ್ರೂರವಾಗಿರಲಿ, ಬೆಳಗಾದರೆ ಎಲ್ಲ ಸರಿಹೋಗುತ್ತದೆ. ಅದೇ ಆವೃತ್ತಿಯಲ್ಲಿ ದೀರ್ಘ ವಿಶ್ರಾಂತಿಯನ್ನು 7 ದಿನಕ್ಕೆ ಏರಿಸುವ ಐಚ್ಛಿಕ ನಿಯಮವಿದೆ, ಅದನ್ನು ಬಳಸಬಹುದು. ಇನ್ನೊಂದು ದಾರಿ, ನನಗೆ ಹೆಚ್ಚು ಇಷ್ಟವಾದದ್ದು, ವಿಶ್ರಾಂತಿಗೇ ಬೆಲೆ ಕಟ್ಟುವುದು. ಮೂರನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಮೊದಲು ಆಟಗಾರರ ಜೊತೆ ಕೂತು ಮಾತಾಡಿ

ಆಟಕ್ಕೆ ಮುಂಚೆ ಒಂದು ಗಂಟೆ ಎಲ್ಲರೂ ಸೇರಿ. ಇದನ್ನೇ ಸೆಷನ್ ಜೀರೋ ಅನ್ನುವುದು. ಹಸಿವು, ಜೈಲು, ಪೊಲೀಸ್ ಏಟು, ಮಕ್ಕಳಿಗೆ ಆಗುವ ತೊಂದರೆ, ಇವೆಲ್ಲ ಕತ್ತಲ ನಗರದಲ್ಲಿ ಸಹಜವಾಗಿ ಬರುತ್ತವೆ. ಎದುರು ಕೂತವರಲ್ಲಿ ಯಾರಿಗೆ ಯಾವುದು ನಿಜವಾಗಿ ಆಗಿಹೋಗಿದೆಯೋ ನಿಮಗೆ ತಿಳಿದಿರುವುದಿಲ್ಲ.

ಎರಡು ಪಟ್ಟಿ ಮಾಡಿ. ಒಂದು, ಆಟದಲ್ಲಿ ಬರಲೇಬಾರದ್ದು. ಇನ್ನೊಂದು, ಬರಬಹುದು ಆದರೆ ವಿವರಿಸದೆ ದಾಟಿಬಿಡಬೇಕಾದ್ದು. ಟೇಬಲ್ ಮಧ್ಯೆ ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಇಡಿ. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಅಲ್ಲಿಗೇ ಬದಲಾಗಬೇಕು. ಕಾರಣ ಕೇಳಬಾರದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, "ನಾವೆಲ್ಲ ಸ್ನೇಹಿತರೇ, ಇದೆಲ್ಲ ಯಾಕೆ" ಎಂದು ಈ ಹಂತವನ್ನೇ ಬಿಟ್ಟುಬಿಡುವುದು. ಸ್ನೇಹಿತರಿಗೇ ಬೇಡ ಅನ್ನಲು ಹೆಚ್ಚು ಸಂಕೋಚ.

## ಹಂತ 2: ಒಂದೇ ಒಂದು ಕೊರತೆ, ಅದನ್ನು ಹಿಡಿದುಕೊಂಡವರು

ಗಾಳಿ, ನೀರು, ಬೆಳಕು, ನಿದ್ದೆ, ಔಷಧಿ. ಇಂಥವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಎಲ್ಲದಕ್ಕೂ ಬರ ಬಂದರೆ ಆಟಗಾರರಿಗೆ ಯಾವುದೂ ಮನಸ್ಸಿಗೆ ತಾಕುವುದಿಲ್ಲ.

ತಳಪೇಟೆಯ ಕೊರತೆ ನನಗೆ ಹೊಳೆದದ್ದು ಕೆಜಿಎಫ್‌ನಿಂದ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಕೆಲಸ ನಡೆಯಬೇಕಾದರೆ ಒಸರುವ ನೀರನ್ನು ಹಗಲೂ ರಾತ್ರಿ ಮೇಲಕ್ಕೆ ಎತ್ತುತ್ತಲೇ ಇರಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಶಾಫ್ಟ್‌ಗಳಲ್ಲಿ ನೀರು ತುಂಬಿಕೊಂಡಿತು. ಆ ಕೆಳಗೆ ಜನ ವಾಸವಾಗಿದ್ದು, ಪಂಪಿನ ಸ್ವಿಚ್ ಬೇರೆ ಯಾರದೋ ಕೈಯಲ್ಲಿದ್ದರೆ? ತಳಪೇಟೆಯಲ್ಲಿ ಕೊರತೆಯಿರುವುದು ಒಣ ನೆಲಕ್ಕೆ.

ಕೊರತೆಯನ್ನು ಆಟಗಾರರೇ ಲೆಕ್ಕ ಹಾಕುವಂತಿರಬೇಕು. ನನ್ನ ಕಾರ್ಡ್‌ನಲ್ಲಿ ಹೀಗಿದೆ. ಪಂಪು 20 ನಿಮಿಷ ನಿಂತರೆ ಗಣಿಯ ಏಳನೇ ಅಂತಸ್ತಿನಲ್ಲಿ, ಅಂದರೆ ಏಳನೇ ಲೆವೆಲ್‌ನಲ್ಲಿ ನೀರು ಪಾದ ಮುಚ್ಚುತ್ತದೆ. 1 ಗಂಟೆಗೆ ಮೊಣಕಾಲು. 3 ಗಂಟೆಗೆ ಸೊಂಟ. 6 ಗಂಟೆಯಾದರೆ ಲೆವೆಲ್ ಖಾಲಿ ಮಾಡಬೇಕು. ಈ ನಾಲ್ಕು ಸಾಲು ಆಟಗಾರರಿಗೆ ಬಾಯಿಪಾಠ ಆಗಿಬಿಟ್ಟರೆ, ಪಂಪು ನಿಂತಿತು ಎಂದು ನೀವು ಹೇಳಿದೊಡನೆ ಅವರೇ ಗಡಿಯಾರ ನೋಡತೊಡಗುತ್ತಾರೆ.

ಆಮೇಲೆ ಕೇಳಿಕೊಳ್ಳಿ, ಮೊದಲು ಯಾರಿಗೆ ಸಿಗುತ್ತದೆ? ಶಿವನಸಮುದ್ರದ ವಿದ್ಯುತ್ 1902ರಲ್ಲಿ ಹೊರಟಿದ್ದು ಕೆಜಿಎಫ್ ಗಣಿಗೆ. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದು 1905ರಲ್ಲಿ. ಚಿನ್ನಕ್ಕೆ ಮೊದಲು, ಜನರಿಗೆ ಆಮೇಲೆ. ಇಂಥ ಒಂದು ಸರದಿಯನ್ನು ನಿಮ್ಮ ನಗರಕ್ಕೂ ಬರೆದಿಡಿ, ನಗರದ ರಾಜಕೀಯ ಮುಕ್ಕಾಲು ಪಾಲು ಅದರಲ್ಲೇ ಬಂದುಬಿಡುತ್ತದೆ.

ಹಿಡಿದುಕೊಂಡವರು ಮೂರು ಗುಂಪು ಸಾಕು. ತಳಪೇಟೆಯಲ್ಲಿ ಪಂಪ್ ಕಚೇರಿಯವರು ಯಾವ ಲೆವೆಲ್‌ಗೆ ಎಷ್ಟು ಹೊತ್ತು ಪಂಪು ಅಂತ ನಿರ್ಧರಿಸುತ್ತಾರೆ. ಕೇಜ್ ಮೇಸ್ತ್ರಿಗಳು ಜನರನ್ನು ಮೇಲೆ ಕೆಳಗೆ ಸಾಗಿಸುವ ಲಿಫ್ಟ್ ನಡೆಸುತ್ತಾರೆ. ತೇಪೆಯವರು ಒಡೆದ ಪೈಪಿಗೆ ತೇಪೆ ಹಾಕುತ್ತಾರೆ, ಕದ್ದು ಬೇರೆ ಕಡೆಗೂ ತಿರುಗಿಸುತ್ತಾರೆ. ಪ್ರತಿ ಗುಂಪಿಗೂ ಒಂದು ಕಾರ್ಡ್. ಅದರಲ್ಲಿ ಅವರಿಗೆ ಬೇಕಾದದ್ದು ಒಂದು, ಹೆದರುವುದು ಒಂದು, ಇನ್ನೆರಡು ಗುಂಪಿನ ಹಂಗಿಲ್ಲದೆ ಅವರಿಂದ ಆಗದೇ ಇರುವುದು ಒಂದು. ಈ ಮೂರನೆಯದನ್ನು ಬರೆಯದೆ ಬಿಡಬೇಡಿ. ಮೇಸ್ತ್ರಿಗಳು ಕೇಜ್ ನಿಲ್ಲಿಸಿದರೆ ಕಚೇರಿಯ ಗುಮಾಸ್ತರಿಗೂ ಊಟ ಇಳಿಯುವುದಿಲ್ಲ ಅನ್ನುವ ಒಂದು ಸಂಗತಿಯಿಂದ ನಾನು ನಾಲ್ಕು ಸೆಷನ್ ನಡೆಸಿದ್ದೇನೆ.

## ಹಂತ 3: ಒಂದು ದಿನದ ಖರ್ಚು

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕಳೆಯಿರಿ. ಬಹಳ ಜನ ಸೋಲುವುದು ಈ ಹಂತವನ್ನು ಬಿಟ್ಟಿದ್ದಕ್ಕೆ.

ನಗರದಲ್ಲಿ ಒಬ್ಬ ಸಾಮಾನ್ಯ ಕೂಲಿಯ ಒಂದು ದಿನದ ಆದಾಯ, ಒಂದು ದಿನದ ಖರ್ಚು ಬರೆಯಿರಿ. ತಳಪೇಟೆಯ ನಾಣ್ಯಕ್ಕೆ ಬಿಲ್ಲೆ ಅಂತ ಹೆಸರು. ದಿನಗೂಲಿ 6 ಬಿಲ್ಲೆ. ರಾತ್ರಿ ಮಲಗಲು ನೀರಿಗಿಂತ ಮೇಲಿನ ಒಣ ಮಂಚ, 2 ಬಿಲ್ಲೆ. ಎರಡು ಹೊತ್ತಿನ ಊಟ, 2 ಬಿಲ್ಲೆ. ಕೆಲಸಕ್ಕೆ ಕೇಜ್‌ನಲ್ಲಿ ಹೋಗಿಬರಲು 2 ಬಿಲ್ಲೆ. ಉಳಿಯುವುದು ಏನೂ ಇಲ್ಲ.

ಈಗ ಇದಕ್ಕೆ ಒಂದೇ ಒಂದು ಖರ್ಚು ಸೇರಿಸಿ. ತಂಗಿಗೆ ಕೆಮ್ಮು, ಔಷಧಿಗೆ 3 ಬಿಲ್ಲೆ. ಎಲ್ಲಿಂದ ತರುವುದು? ಒಂದು ಹೊತ್ತು ಊಟ ಬಿಟ್ಟರೆ 1 ಬಿಲ್ಲೆ. ಕೇಜ್ ಬಿಟ್ಟು ಕಬ್ಬಿಣದ ಏಣಿ ಹತ್ತಿ ಹೋದರೆ 2 ಉಳಿಯುತ್ತದೆ, ಆದರೆ ತಡವಾಗಿ ತಲುಪಿ ಅರ್ಧ ಕೂಲಿ ಕತ್ತರಿಸುತ್ತಾರೆ. ಮಂಚ ಬಿಟ್ಟರೂ 2 ಉಳಿಯುತ್ತದೆ, ಆದರೆ ಒದ್ದೆ ನೆಲದಲ್ಲಿ ಮಲಗಿದರೆ ಗಾಯ ವಾಸಿಯಾಗುವುದಿಲ್ಲ. ವಿಶ್ರಾಂತಿಗೆ ಬೆಲೆ ಕಟ್ಟುವುದು ಅಂದೆನಲ್ಲ, ಅದು ಇದೇ. ದೀರ್ಘ ವಿಶ್ರಾಂತಿ ಬೇಕಾದರೆ ಒಣ ಮಂಚ ಬೇಕು. ಕೊನೆಯ ದಾರಿ ಸಾಲ. ಸಾಲ ಯಾರ ಹತ್ತಿರ ಅನ್ನುವಲ್ಲಿಂದ ನಿಮ್ಮ ಕಥೆ ತಾನಾಗೇ ಹೊರಡುತ್ತದೆ.

ಬೆಲೆಪಟ್ಟಿಯನ್ನು ಒಂದು ಕಾರ್ಡ್‌ಗೆ ಬರೆದು ಎಲ್ಲರಿಗೂ ಕಾಣುವಂತೆ ಟೇಬಲ್ ಮೇಲೆ ಇಡಿ. ಆರು ಬೆಲೆಗಿಂತ ಹೆಚ್ಚು ಬೇಡ.

ಖರ್ಚಿನ ಜೊತೆಗೇ ದಿನಚರಿ. ಬೆಳಿಗ್ಗೆ 4ಕ್ಕೆ ಪಂಪಿನ ಶಿಫ್ಟ್ ಬದಲು, 20 ನಿಮಿಷ ಪಂಪು ನಿಲ್ಲುತ್ತದೆ. 5ಕ್ಕೆ ಸೈರನ್. 6ಕ್ಕೆ ಮೊದಲ ಕೇಜ್. ಇದರಲ್ಲಿ ಒಂದು ಗಳಿಗೆಯನ್ನಾದರೂ ಹತ್ತಿರದಿಂದ ನೋಡಿ ಬರೆದಿಟ್ಟುಕೊಳ್ಳಿ. ನಾನು ಬರೆದದ್ದು ಇದು: ಏಳನೇ ಲೆವೆಲ್‌ನವರು ಪಂಪಿನ ಸದ್ದಿಗೆ ನಿದ್ದೆ ಹೋಗುತ್ತಾರೆ, ಸದ್ದು ನಿಂತರೆ ಎಚ್ಚರವಾಗುತ್ತಾರೆ. ನಾಲ್ಕು ಗಂಟೆಗೆ ಸದ್ದು ನಿಂತೊಡನೆ ಕಣ್ಣು ಬಿಡದೆಯೇ ಒಂದು ಕೈ ಕೆಳಗಿಳಿದು ಚಪ್ಪಲಿ ಎತ್ತಿಕೊಳ್ಳುತ್ತದೆ, ಇನ್ನೊಂದು ಕೈ ಪಕ್ಕದಲ್ಲಿ ಮಲಗಿದ ಮಗುವಿನ ಕಾಲು ಮಂಚದ ಒಳಗಿದೆಯೇ ಎಂದು ತಡವುತ್ತದೆ. ಇದನ್ನು ಓದಿ ಹೇಳಿದ ಮೇಲೆ "ಇದು ಭಯಾನಕವಾದ ಊರು" ಅಂತ ನಾನು ಒಮ್ಮೆಯೂ ಹೇಳಬೇಕಾಗಿ ಬಂದಿಲ್ಲ.

## ಹಂತ 4: ಮಾತಿನಲ್ಲಿ ಅಧಿಕಾರ ಕಾಣಲಿ

ಕನ್ನಡದಲ್ಲಿ ಆಟ ನಡೆಸುವವರಿಗೆ ಇದೊಂದು ದೊಡ್ಡ ಅನುಕೂಲ. ಎಷ್ಟೋ ಜನ ಇಂಗ್ಲಿಷ್ ನಿಯಮಪುಸ್ತಕ ಓದಿ ಪಾತ್ರಗಳಿಗೂ ಅದೇ ಧಾಟಿಯ ಮಾತು ಆಡಿಸುತ್ತಾರೆ, ಈ ಅನುಕೂಲ ಕೈತಪ್ಪಿಹೋಗುತ್ತದೆ. ನಮ್ಮಲ್ಲಿ ಯಾರು ಯಾರಿಗೆ ನೀನು ಅನ್ನುತ್ತಾರೆ, ಯಾರು ನೀವು ಅನ್ನುತ್ತಾರೆ ಅನ್ನುವುದರಲ್ಲೇ ಇಡೀ ನಗರದ ಮೇಲು ಕೀಳು ಇದೆ.

ಪಂಪ್ ಕಚೇರಿಯ ಕಿಟಕಿ. ಒಳಗೆ ಕೂತ ಗುಮಾಸ್ತ ತಲೆ ಎತ್ತದೆ, "ಯಾವ ಲೆವೆಲ್ಲೋ? ಚೀಟಿ ಎಲ್ಲಿ? ಹಿಂದಕ್ ನಿಂತ್ಕೋ" ಅನ್ನುತ್ತಾನೆ. ಆಟಗಾರ್ತಿ ಕಾಗದವೊಂದನ್ನು ಕಿಟಕಿಯೊಳಗೆ ತಳ್ಳುತ್ತಾಳೆ. ಅದರ ಕೆಳಗೆ ಮೇಲಿನ ಅಧಿಕಾರಿಯ ರುಜು. ಗುಮಾಸ್ತ ಓದಿ, ಎದ್ದು ನಿಂತು, "ಮೇಡಂ, ಒಳಗ್ ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾನೆ. ಅವಳ ಹಿಂದೆ ಸಾಲಿನಲ್ಲಿ ನಿಂತ ಮುದುಕಿಯ ಕಡೆ ತಿರುಗಿ, "ಏಯ್, ದಾರಿ ಬಿಡೇ." ಕಾಗದ ನಕಲಿ ಅಂತ ಆಟಗಾರ್ತಿಗೆ ಗೊತ್ತು. ಆ ಮುದುಕಿ ಅವಳದೇ ಓಣಿಯವಳು. ನಮ್ಮ ಟೇಬಲ್‌ನಲ್ಲಿ ಈ ದೃಶ್ಯ ಬಂದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಪ್ರತಿ ಪಾತ್ರದ ಕಾರ್ಡ್‌ನಲ್ಲಿ ಎರಡೇ ಗುರುತು ಹಾಕಿ: ಆಟಗಾರರಿಗೆ ಏನಂತ ಕರೆಯುತ್ತಾರೆ, ಯಾವಾಗ ಅದು ಬದಲಾಗುತ್ತದೆ. ಓಣಿಯೊಳಗೆ ಅಕ್ಕ, ಮಾವ, ಅಜ್ಜಿ ಅನ್ನುವ ಕರೆ ಇರಲಿ. ಅದೇ ಜನ ಕಚೇರಿಯೆದುರು ಬರೀ ನಂಬರ್ ಆಗಿಬಿಡಲಿ.

ಎಚ್ಚರಿಕೆಯ ಒಂದು ಮಾತು. ಖಳರಿಗೆಲ್ಲ ಒಂದೇ ಸೀಮೆಯ ಕನ್ನಡ, ಬಡವರಿಗೆಲ್ಲ ಇನ್ನೊಂದು ಸೀಮೆಯದು ಕೊಡಬೇಡಿ. ಕೇಳುತ್ತಾ ಕೂತವರಲ್ಲಿ ಯಾರದೋ ಮನೆಮಾತು ಅದು.

## ಹಂತ 5: ಈಗ ನಕ್ಷೆ, ಒಂದೇ ಓಣಿಯದ್ದು

ಹಾಂಗ್‌ಕಾಂಗ್‌ನ ಕೌಲೂನ್ ವಾಲ್ಡ್ ಸಿಟಿ ಇದ್ದದ್ದು ಸುಮಾರು 2.6 ಹೆಕ್ಟೇರ್‌ನಲ್ಲಿ, ಅಂದರೆ ಆರೂವರೆ ಎಕರೆಯಷ್ಟು. 1980ರ ದಶಕದ ಕೊನೆಗೆ ಅಲ್ಲಿ ಸುಮಾರು 33,000 ಜನ ಇದ್ದರು. ಒಂದಕ್ಕೊಂದು ಅಂಟಿದ ಕಟ್ಟಡಗಳು, ಲೈಸೆನ್ಸ್ ಇಲ್ಲದ ಹಲ್ಲಿನ ಡಾಕ್ಟರುಗಳು, ಹಗಲಲ್ಲೂ ದೀಪ ಬೇಕಾದ ಓಣಿಗಳು, ತಲೆಮೇಲಿನ ಪೈಪುಗಳಿಂದ ಸದಾ ತೊಟ್ಟಿಕ್ಕುವ ನೀರು. 1993ರಲ್ಲಿ ಕೆಡವಲು ಶುರುಮಾಡಿ ಮರುವರ್ಷ ಮುಗಿಸಿದರು. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬದುಕು ಹಿಡಿಸಿತ್ತು ಅಂದಮೇಲೆ ನಿಮ್ಮ ಆಟಕ್ಕೆ ಇಡೀ ಮಹಾನಗರದ ನಕ್ಷೆ ಯಾಕೆ ಬೇಕು?

ಎ4 ಹಾಳೆಯಲ್ಲಿ ಐದು ಜಾಗ ಬರೆಯಿರಿ. ಮಲಗುವ ಜಾಗ, ದುಡಿಯುವ ಜಾಗ, ಸಾಲು ನಿಲ್ಲುವ ಜಾಗ, ಹೋಗಬಾರದ ಜಾಗ, ಸದ್ಯಕ್ಕೆ ಯಾರ ಕಣ್ಣೂ ಬೀಳದ ಜಾಗ. ಅವುಗಳ ನಡುವೆ ದಾರಿ, ಪ್ರತಿ ದಾರಿಗೂ ಒಂದು ತಡೆ. ಕೊನೆಯ ಜಾಗವನ್ನು ಬಿಡಬೇಡಿ. ಉಸಿರಾಡಲು ಒಂದು ಮೂಲೆ ಇರದಿದ್ದರೆ ಆಟಗಾರರು ಸಂಚು ಹೂಡುವುದಾದರೂ ಎಲ್ಲಿ?

ವರ್ಣನೆಗೆ ಒಂದು ಸೂತ್ರ ಇಟ್ಟುಕೊಂಡಿದ್ದೇನೆ: ಕತ್ತಲೆ, ಹೊಗೆ, ಕೊಳಕು ಅನ್ನುವ ಪದ ಬಂದರೆ ಅದನ್ನು ಹೊಡೆದುಹಾಕಿ, ಅದರಿಂದ ಯಾರು ಏನು ಮಾಡಬೇಕಾಯಿತು ಅಂತ ಬರೆಯುವುದು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಹೊಗೆಮಂಜು ಮುಚ್ಚಿದಾಗ, ಬಸ್ಸಿನ ಮುಂದೆ ಕಂಡಕ್ಟರ್ ದೀಪ ಹಿಡಿದು ನಡೆದು ದಾರಿ ತೋರಿಸಬೇಕಾಗಿತ್ತು. ಮಂಜು ಎಷ್ಟು ದಟ್ಟವಾಗಿತ್ತು ಅಂತ ಇನ್ನು ಹೇಳಬೇಕಿಲ್ಲ.

## ಹಂತ 6: ಒಂದು ಬಿರುಕು, ಒಂದು ಪ್ರೀತಿ

ಆಳುವವರು ಎಷ್ಟು ಬಲಿಷ್ಠರು ಎಂದು ತೋರಿಸುವ ಆತುರದಲ್ಲಿ ಬಹಳಷ್ಟು ಜನ ಬಿರುಕೇ ಇಲ್ಲದ ಗೋಡೆ ಕಟ್ಟಿಬಿಡುತ್ತಾರೆ. ಆಟಗಾರರು ಎರಡು ಸಲ ತಲೆ ಚಚ್ಚಿಕೊಂಡು ಸುಮ್ಮನಾಗುತ್ತಾರೆ.

ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯನ್ನು ನೋಡಿ. 1989ರಲ್ಲಿ ಸುಮಾರು 91,000 ನೌಕರರು, ಅದರ ಮೇಲೆ ಸುಮಾರು 1,89,000 ಗುಪ್ತ ಮಾಹಿತಿದಾರರು. ದೇಶದ ಜನಸಂಖ್ಯೆ ಒಂದೂಮುಕ್ಕಾಲು ಕೋಟಿಯೂ ಇರಲಿಲ್ಲ. ಮಾಹಿತಿದಾರ ಅಂದರೆ ಪಕ್ಕದ ಮನೆಯವನು, ಸಹೋದ್ಯೋಗಿ, ಕೆಲವೊಮ್ಮೆ ಮನೆಯವರೇ. ಆದರೆ ಆ ಶಕ್ತಿಯೆಲ್ಲ ನಿಂತಿದ್ದು ಕಾಗದದ ಮೇಲೆ. ಕೊನೆಗಾಲ ಬಂದಾಗ ಕಡತಗಳನ್ನು ಕೈಯಲ್ಲೇ ಹರಿದು ಸಾವಿರಾರು ಚೀಲ ತುಂಬಿಸಿದರು, 1990ರ ಜನವರಿ 15ರಂದು ಜನ ಬರ್ಲಿನ್‌ನ ಕೇಂದ್ರ ಕಚೇರಿಯೊಳಕ್ಕೆ ನುಗ್ಗಿದರು. ಎಲ್ಲವನ್ನೂ ಬರೆದಿಡುವವರಿಗೆ ಬರೆದದ್ದೇ ಬಿರುಕು.

ತಳಪೇಟೆಯಲ್ಲಿ ಬಿರುಕು ಪಂಪಿನ ಲಾಗ್ ಪುಸ್ತಕ. ಯಾವ ಲೆವೆಲ್‌ಗೆ ಎಷ್ಟು ಹೊತ್ತು ಪಂಪು ಓಡಿಸಿದರು ಎಂಬ ನಿಜವಾದ ಲೆಕ್ಕ ಅದರಲ್ಲಿದೆ, ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಬೇರೆಯೇ ಇದೆ. ನಿಮ್ಮ ಬಿರುಕೂ ಹೀಗೆ ಕೈಗೆ ಸಿಗುವ ವಸ್ತುವಾಗಿರಲಿ.

ಅಷ್ಟೇ ಮುಖ್ಯವಾದದ್ದು, ಉಳಿಸಿಕೊಳ್ಳಬೇಕು ಅನ್ನಿಸುವ ಏನಾದರೂ ಇರಬೇಕು. ನಮ್ಮ ಆಟದಲ್ಲಿ ಅದು ಏಳನೇ ಲೆವೆಲ್‌ನ ಒಬ್ಬ ಅಜ್ಜಿಯ ತುಳಸಿ ಗಿಡ. ತುಕ್ಕು ಹಿಡಿದ ಡಬ್ಬಿಯಲ್ಲಿ ನೆಟ್ಟದ್ದು. ದಿನಕ್ಕೆ ಒಂದು ಗಂಟೆ ಬಿಸಿಲು ತೋರಿಸಲು ಅದನ್ನು ಯಾರಾದರೂ ಮೇಲಕ್ಕೆ ಒಯ್ಯಬೇಕು, ಓಣಿಯವರು ಸರದಿ ಹಾಕಿಕೊಂಡಿದ್ದಾರೆ. ಆಟಗಾರರೂ ಸರದಿಗೆ ಸೇರಿದರು. ಇಂಥದ್ದನ್ನು ಮೊದಲ ಸೆಷನ್‌ನಲ್ಲೇ ನಾಶ ಮಾಡಿ ಕಣ್ಣೀರು ಹಾಕಿಸಲು ಹೋಗಬೇಡಿ. ಹಾಗೆ ಮಾಡಿದರೆ ಆಟಗಾರರು ಮುಂದೆ ಯಾವುದಕ್ಕೂ ಮನಸ್ಸು ಕೊಡುವುದಿಲ್ಲ.

## ಹಂತ 7: ದಾಳದ ಪಟ್ಟಿ, ಗಡಿಯಾರ

ಓಣಿಯಲ್ಲಿ ಇಂದು ಏನು ನಡೆಯುತ್ತಿದೆ ಅನ್ನುವುದಕ್ಕೆ ಎರಡು ದಾಳ ಎಸೆದು ನೋಡುವ ಒಂದು ಪಟ್ಟಿ ಮಾಡಿ, 2ರಿಂದ 12ರವರೆಗೆ. ಎರಡು ದಾಳ ಕೂಡಿಸಿದಾಗ 36 ಸಾಧ್ಯತೆಗಳಲ್ಲಿ 7 ಬರುವುದು 6 ಸಲ, 2 ಅಥವಾ 12 ತಲಾ ಒಂದೇ ಸಲ. 6, 7, 8 ಸೇರಿ 16 ಸಲ. ಹಾಗಾಗಿ ಈ ಮೂರು ಸಾಲಿಗೆ ದಿನನಿತ್ಯದ್ದನ್ನು ಹಾಕಿ: ಕಿಟಕಿಯೆದುರು ಉದ್ದ ಸಾಲು, ಬೆಲೆ ಏರಿಕೆ, ಗುರುತುಚೀಟಿ ತಪಾಸಣೆ. 2ಕ್ಕೆ ಹೊತ್ತಲ್ಲದ ಹೊತ್ತಲ್ಲಿ ಪಂಪು ನಿಲ್ಲುವುದು. 12ಕ್ಕೆ ಒಳ್ಳೆಯದೊಂದು, ಉದಾಹರಣೆಗೆ ಓಣಿಯಲ್ಲಿ ಮದುವೆ. ಎಲ್ಲ ಸಾಲಿಗೂ ಹಿಂಸೆಯನ್ನೇ ತುಂಬಿದ ಪಟ್ಟಿಗಳನ್ನು ಬಹಳ ನೋಡಿದ್ದೇನೆ, ಮೂರು ಸಲ ದಾಳ ಬಿದ್ದ ಮೇಲೆ ಅದರಿಂದ ಯಾರಿಗೂ ಏನೂ ಅನ್ನಿಸುವುದಿಲ್ಲ.

ಗಡಿಯಾರ ಅಂದರೆ ಒಂದು ವೃತ್ತ, ಅದರಲ್ಲಿ ಆರು ಭಾಗ. ಮೇಲೆ ಹೆಸರು: "ಏಳನೇ ಲೆವೆಲ್ ಮುಚ್ಚುತ್ತಾರೆ". ಆಟಗಾರರು ಸೋತಾಗ ಅಥವಾ ಸುಮ್ಮನೆ ದಿನ ಕಳೆದಾಗ ಕೆಂಪು ಪೆನ್ನಿಂದ ಒಂದು ಭಾಗ ತುಂಬಿ. ಗೆದ್ದರೆ ಒಂದು ಅಳಿಸಿ; ಕೆಂಪು ಪೆನ್ನಿನದು ಅಳಿಸಲಾಗದು, ಅದಕ್ಕೇ ಲೆಕ್ಕ ಸರಿಪಡಿಸಲು ಪಕ್ಕದಲ್ಲಿ ಪೆನ್ಸಿಲ್‌ನ ಇನ್ನೊಂದು ವೃತ್ತ ಇರಲಿ. ಒಮ್ಮೆಗೆ ಎರಡು ಗಡಿಯಾರಕ್ಕಿಂತ ಹೆಚ್ಚು ಬೇಡ, ಎರಡನ್ನೂ ಎಲ್ಲರ ಎದುರಿಗೇ ಇಡಿ.

## ಹಂತ 8: ಮೊದಲ ಸೆಷನ್

ಬೆಳಿಗ್ಗೆ 4 ಗಂಟೆಗೆ ಶುರು ಮಾಡಿ, ಪಂಪು ನಿಂತ ಗಳಿಗೆಯಿಂದ. ಪೀಠಿಕೆ ಬೇಡ. ಪ್ರತಿ ಆಟಗಾರರಿಗೂ ಮೂರು ಪ್ರಶ್ನೆ ಕೇಳಿ: ನಿಮಗೆ ಯಾರ ಸಾಲ ಇದೆ? ಪಕ್ಕದ ಮಂಚದಲ್ಲಿ ಮಲಗಿರುವವರು ಯಾರು? ನೀರಿಗೆ ಸಿಗದಂತೆ ಏನನ್ನು ಬಚ್ಚಿಟ್ಟಿದ್ದೀರಿ? ಉತ್ತರಗಳನ್ನು ಕಾರ್ಡ್‌ಗೆ ಇಳಿಸಿ. ಆ ಸೆಷನ್‌ನಲ್ಲಿ ನಗರ ಆ ಮೂರರಲ್ಲಿ ಒಂದನ್ನು ಮಾತ್ರ ಮುಟ್ಟಲಿ. ಕೊನೆಗೆ ಪಂಪು ಮತ್ತೆ ಶುರುವಾಗಲೇಬೇಕು, 20 ನಿಮಿಷವಲ್ಲ, 27 ನಿಮಿಷಕ್ಕೆ. ಆ ಏಳು ನಿಮಿಷ ಯಾಕೆ ಹೆಚ್ಚಾಯಿತು ಅನ್ನುವುದನ್ನು ಆಟಗಾರರೇ ಹುಡುಕಿಕೊಂಡು ಹೋಗುತ್ತಾರೆ.

## ಅಪಾಯದ ಗುರುತುಗಳು

"ಈಗ ನಾವೇನ್ ಮಾಡ್ಬೇಕು?" ಅಂತ ಒಂದೇ ಸೆಷನ್‌ನಲ್ಲಿ ಮೂರು ಸಲ ಕೇಳಿದರೆ ಕೊರತೆ ಅವರನ್ನು ಮುಟ್ಟಿಲ್ಲ. ಖರ್ಚಿನ ಕಾರ್ಡ್ ಮುಂದಿಟ್ಟು ಆ ದಿನದ ಬಿಲ್ಲೆ ಎಣಿಸಲು ಹೇಳಿ.

"ಈ ಊರೇ ಬೇಡ, ಬಿಟ್ಟು ಹೋಗೋಣ" ಅಂದರೆ ಪ್ರೀತಿಸಲು ಏನೂ ಸಿಕ್ಕಿಲ್ಲ. ಹೊರಗೆ ಮರುಭೂಮಿ ಇದೆ, ವಿಷಗಾಳಿ ಇದೆ ಎಂದು ಬಾಗಿಲು ಹಾಕುವುದು ಸುಲಭ, ಆದರೆ ಪರಿಹಾರ ಅದಲ್ಲ. ಆರನೇ ಹಂತಕ್ಕೆ ವಾಪಸ್ ಹೋಗಿ.

ಎದುರಾದವರನ್ನೆಲ್ಲ ಕೊಲ್ಲಲು ಶುರುಮಾಡಿದರೆ, ಮಾತಿಗೆ ಬಗ್ಗುವವರು ಯಾರೂ ಇಲ್ಲ ಎಂದು ಅವರಿಗೆ ಅನ್ನಿಸಿದೆ. ಮುಂದಿನ ಸಲ ಕಾವಲುಗಾರನೊಬ್ಬನಿಗೆ ಹೆಸರು ಕೊಡಿ, ಅವನೂ ಏಳನೇ ಲೆವೆಲ್‌ನಲ್ಲೇ ಮಲಗುತ್ತಾನೆ ಅಂತ ತೋರಿಸಿ.

ಯಾರೋ ಒಬ್ಬರು ತೀರಾ ಮೌನವಾದರೆ ಅಲ್ಲೇ ಆಟ ನಿಲ್ಲಿಸಿ, ಟೀ ಮಾಡಿ, ಆಮೇಲೆ ಅವರೊಬ್ಬರನ್ನೇ ಕೇಳಿ. ಎಕ್ಸ್ ಕಾರ್ಡ್ ಮುಟ್ಟಲೂ ಧೈರ್ಯ ಸಾಲದವರು ಇರುತ್ತಾರೆ.

## ಸೆಷನ್ ಮುಗಿದ ಮೇಲೆ, ಹತ್ತು ನಿಮಿಷ

ಎಲ್ಲರೂ ಹೊರಟ ಮೇಲೆ ಮೂರು ಕೆಲಸ. ಗಡಿಯಾರ ತುಂಬಿ. ಒಬ್ಬ ಪಾತ್ರದ ಕಾರ್ಡ್‌ನಲ್ಲಿ ನೀನು, ನೀವು ಬದಲಾಯಿತೇ ನೋಡಿ. ಕೊನೆಯದಾಗಿ ಒಂದು ಬೆಲೆ ಬದಲಿಸಿ, ಆಟಗಾರರು ಮಾಡಿದ್ದರ ಪರಿಣಾಮವಾಗಿ. ಅವರು ಪೈಪು ತಿರುಗಿಸಿದ್ದರಿಂದ ಒಣ ಮಂಚ 2ರಿಂದ 1ಕ್ಕೆ ಇಳಿದಿರಬಹುದು, ಮೇಸ್ತ್ರಿಗಳನ್ನು ಎದುರುಹಾಕಿಕೊಂಡಿದ್ದರಿಂದ ಕೇಜ್ 2ರಿಂದ 3ಕ್ಕೆ ಏರಿರಬಹುದು. ಹಳೇ ಬೆಲೆಯನ್ನು ಪೂರ್ತಿ ಅಳಿಸಬೇಡಿ. ಅದರ ಮೇಲೆ ಒಂದು ಗೀಟು ಹಾಕಿ, ಪಕ್ಕದಲ್ಲಿ ಹೊಸದನ್ನು ಬರೆದು, ಮುಂದಿನ ವಾರ ಅವರು ಬಂದು ಕೂರುವ ಮೊದಲೇ ಟೇಬಲ್ ಮೇಲೆ ಇಟ್ಟಿರಿ.